ಬಲಗಡೆಯ ಕುರ್ಚಿ ಮಾರಾಟಕ್ಕಿಲ್ಲ

ಓದುಗರ ಪತ್ರ

ಮಾನ್ಯ ಸಂಪಾದಕರೇ,

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಮಗಳು ಪಿಯುಸಿ ಮುಗಿಸಿದ ಮೇಲೆ ಪೈಲಟ್ ಆಗುತ್ತೇನೆಂದು ಹಟ ಹಿಡಿದಳು. ಮೇಲಿನ ತೋಟವನ್ನು ಅಡವಿಟ್ಟು ಓದಿಸಿದೆವು. ಇದುವರೆಗೆ ಐವತ್ತೈದು ಲಕ್ಷ ಖರ್ಚಾಗಿದೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂದು ಹದಿನಾಲ್ಕು ತಿಂಗಳಾಯಿತು. ಲಾಗ್‌ಬುಕ್ಕಿನಲ್ಲಿ 206 ಗಂಟೆಯ ಹಾರಾಟವಿದೆ, ಕೆಲಸವಿಲ್ಲ. ಒಂದು ಕಂಪನಿಯಲ್ಲಿ ಲಿಖಿತ ಪರೀಕ್ಷೆ ದಾಟಿ ಗುಂಪು ಚರ್ಚೆಯಲ್ಲಿ ಬಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಅಲ್ಲಿ ಬಾಯಿಯನ್ನೇ ತೆರೆಯಲಿಲ್ಲವಂತೆ. ಈಗ ಮಧ್ಯವರ್ತಿಯೊಬ್ಬರು ಇಪ್ಪತ್ತೆರಡು ಲಕ್ಷ ಕೊಟ್ಟರೆ ಏರ್‌ಬಸ್ ತರಬೇತಿ ಮಾಡಿಸಿ ಕೆಲಸವನ್ನೂ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಉಳಿದಿರುವುದು ಕೆಳಗಿನ ತೋಟ. ಅದಕ್ಕೂ ಎಲೆಚುಕ್ಕೆ ರೋಗ ಹತ್ತಿದೆ. ಮಾರಿಬಿಡಲೇ? ನೂರಾರು ವಿಮಾನ ಬರುತ್ತವೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ, ಹಾಗಾದರೆ ಇವರಿಗೆ ಕೆಲಸವೇಕಿಲ್ಲ? ಅಮೆರಿಕದಲ್ಲಿರುವ ನಮ್ಮ ನೆಂಟರು 1500 ಗಂಟೆ ಇಲ್ಲದೆ ಯಾರೂ ತೆಗೆದುಕೊಳ್ಳುವುದಿಲ್ಲ ಎನ್ನುತ್ತಾರೆ. ಹೆಣ್ಣುಮಗಳೆಂದು ಹಿಂದೆ ಸರಿಸುತ್ತಾರೆಯೇ? ಹೆಸರು ಪ್ರಕಟಿಸಬೇಡಿ.

ಸಂಪಾದಕರ ಉತ್ತರ

ಮಾನ್ಯರೇ,

ತೋಟ ಮಾರಬೇಡಿ. ಉಳಿದದ್ದನ್ನೆಲ್ಲ ಆಮೇಲೆ ಮಾತನಾಡೋಣ. ಈ ವಾರವೇ ಯಾರಾದರೂ ಕಾಗದಕ್ಕೆ ಸಹಿ ಹಾಕಿಸಲು ಬಂದರೆ, ಪತ್ರಿಕೆಯ ಉತ್ತರ ಬರಲಿ ಎಂದು ಹೇಳಿ ಕಳುಹಿಸಿ.

ಆ ಏರ್‌ಬಸ್ ತರಬೇತಿಯನ್ನು ಟೈಪ್ ರೇಟಿಂಗ್ ಎನ್ನುತ್ತಾರೆ. ಅದು ಸುಳ್ಳು ಸರಕಲ್ಲ, ನಿಜವಾದ ಅರ್ಹತೆ. ಒಂದು ಮಾದರಿಯ ವಿಮಾನವನ್ನು ಹಾರಿಸಲು ಬೇಕಾದ ತರಗತಿಗಳು, ಸಿಮ್ಯುಲೇಟರಿನಲ್ಲಿ (ನೆಲದ ಮೇಲೇ ಇದ್ದು ಹಾರಾಟವನ್ನು ಅನುಕರಿಸುವ ಯಂತ್ರದಲ್ಲಿ) ಅಭ್ಯಾಸ, ಕೊನೆಗೊಂದು ಪರೀಕ್ಷೆ, ಆಮೇಲೆ ಲೈಸೆನ್ಸಿನಲ್ಲಿ ಅದರ ನಮೂದು. ಇದಿಲ್ಲದೆ ಯಾರೂ ಪ್ರಯಾಣಿಕರ ವಿಮಾನದ ಕಾಕ್‌ಪಿಟ್ಟಿನಲ್ಲಿ ಕೂರುವಂತಿಲ್ಲ. ಆದರೆ ಅದು ಒಂದೇ ಮಾದರಿಗೆ ಸಲ್ಲುತ್ತದೆ. ಏರ್‌ಬಸ್ 320ರ ರೇಟಿಂಗ್ ಹಿಡಿದುಕೊಂಡವರಿಗೆ ಬೋಯಿಂಗ್ 737 ಹಾರಿಸುವ ಕಂಪನಿಯಿಂದ ಕರೆ ಬಂದರೆ ಆ ಹಣ ನೀರಿನಲ್ಲಿಟ್ಟಂತೆ. ಯಾರೂ ಕರೆಯದೇ ಹೋದರೂ ಹಾಗೆಯೇ: ಸಿಮ್ಯುಲೇಟರಿನಲ್ಲಿ ಕೂಡಿಬಂದ ಕೈ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತರೆ ಬಿಟ್ಟುಹೋಗುತ್ತದೆ, ಮತ್ತೆ ತಪಾಸಣೆ, ಮತ್ತೆ ಶುಲ್ಕ. ರೇಟಿಂಗ್ ಮಾಡಿಸಿಕೊಂಡವರನ್ನೇ ಬಯಸಿ ಕೆಲವು ಕಂಪನಿಗಳು ಜಾಹೀರಾತು ಕೊಡುವುದೂ ಉಂಟು. ಆದ್ದರಿಂದ ಅದನ್ನು ಎಂದಿಗೂ ಮಾಡಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಕಂಪನಿಯ ಆಯ್ಕೆಪತ್ರ ಕೈಗೆ ಬಂದ ಮೇಲೆ, ಆ ಕಂಪನಿ ಹಾರಿಸುವ ವಿಮಾನಕ್ಕೆ, ಅವರು ಹೇಳಿದ ಕೇಂದ್ರದಲ್ಲಿ ಮಾಡಿಸಿ. ಆಗ ಬ್ಯಾಂಕಿನವರೂ ನಿಮ್ಮ ಮಾತನ್ನು ಬೇರೆ ರೀತಿ ಕೇಳುತ್ತಾರೆ.

ಆ ಮಧ್ಯವರ್ತಿಯ ಮಾತಿನಲ್ಲಿ ಸುಳ್ಳಿರುವುದು 'ಕೆಲಸವನ್ನೂ ಕೊಡಿಸುತ್ತೇನೆ' ಎಂಬಲ್ಲಿ. ವಿಮಾನ ಕಂಪನಿಯ ಕೆಲಸವನ್ನು ಹೊರಗಿನವರು ಕೊಡಿಸಲಾರರು. ಲಿಖಿತ ಪರೀಕ್ಷೆ, ಕಂಪ್ಯೂಟರಿನ ಮುಂದೆ ಕೈ, ಕಣ್ಣು, ಮನಸ್ಸು ಒಟ್ಟಿಗೆ ನಡೆಯುತ್ತವೆಯೇ ಎಂದು ನೋಡುವ ಪರೀಕ್ಷೆ, ಗುಂಪಿನಲ್ಲಿ ಮಾತು, ಸಂದರ್ಶನ, ಹಲವೆಡೆ ಸಿಮ್ಯುಲೇಟರಿನಲ್ಲಿ ಹಾರಾಟ: ಇದಿಷ್ಟನ್ನೂ ನಿಮ್ಮ ಮಗಳೇ ದಾಟಬೇಕು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಮೇಲಿನ ದರ್ಜೆಯ ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದದ್ದು, ಬಂಧನಗಳಾದದ್ದು ನಿಮಗೆ ನೆನಪಿರಬಹುದು. ಅಂದು ಕೂಡ ನಡುವೆ ಇದ್ದವರು ದಲ್ಲಾಳಿಗಳೇ. ಒಬ್ಬ ತಂದೆಯ ಆತಂಕವನ್ನೇ ಬಂಡವಾಳ ಮಾಡಿಕೊಳ್ಳುವ ಇಂಥವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡಲಾರೆ.

ವಿಮಾನಗಳ ವಿಷಯಕ್ಕೆ ಬರುತ್ತೇನೆ. ನೀವು ಓದಿದ್ದು ಸುಳ್ಳಲ್ಲ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿ ಪ್ರಕಟಿಸಿತು. ಅದೇ ಜೂನ್‌ನಲ್ಲಿ ಇಂಡಿಗೊ 500, 2024ರ ಜನವರಿಯಲ್ಲಿ ಆಕಾಶ ಏರ್ 150 ಎಂದವು. ನಮ್ಮ ಪತ್ರಿಕೆಯೂ ಆ ಸುದ್ದಿಗಳನ್ನು ಸಂಭ್ರಮದಿಂದ ಹಾಕಿತು. ಆ ವಿಮಾನಗಳೆಲ್ಲ ಕಾರ್ಖಾನೆಯಿಂದ ಹೊರಬರಲು ಹಲವು ವರ್ಷ ಹಿಡಿಯುತ್ತದೆ ಎಂಬ ಸಾಲನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು. ಬಂದ ವಿಮಾನಗಳಲ್ಲೂ ಹಲವು ನೆಲದ ಮೇಲೆ ನಿಂತವು. ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ನಿನ ಲೋಹದಲ್ಲಿ ದೋಷ ಕಂಡುಬಂದು 2023ರಿಂದ ಇಂಡಿಗೊ ಹತ್ತಾರು ವಿಮಾನಗಳನ್ನು ನಿಲ್ಲಿಸಬೇಕಾಯಿತು. ಇನ್ನೊಂದು ಕಡೆ, ಅದೇ 2023ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 1,622 ಕಮರ್ಷಿಯಲ್ ಲೈಸೆನ್ಸ್‌ಗಳನ್ನು ಕೊಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ ಹಾರಾಟ ನಿಲ್ಲಿಸಿತು. ಸಾವಿರಾರು ಗಂಟೆ ಹಾರಿದ ಅದರ ಪೈಲಟ್‌ಗಳೂ ಕೆಲಸ ಹುಡುಕುತ್ತ ಅದೇ ಸಾಲಿನಲ್ಲಿ ಬಂದು ನಿಂತರು. 2012ರಲ್ಲಿ ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ನಿಂತಾಗಲೂ, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗಲೂ ಆದದ್ದು ಇದೇ. ಒಂದು ಕಂಪನಿ ಮುಳುಗಿದರೆ ಹೊಸಬರ ಸರದಿ ಎರಡು ಮೂರು ವರ್ಷ ಹಿಂದಕ್ಕೆ ಹೋಗುತ್ತದೆ.

ಆದರೆ ನನಗೆ ಮುಖ್ಯವಾಗಿ ಕಂಡ ಕಾರಣ ಬೇರೆ, ಅದು ಪತ್ರಿಕೆಗಳಲ್ಲಿ ಬರುವುದು ಕಡಿಮೆ. ಈ ದೇಶದಲ್ಲಿ ಕೊರತೆಯಿರುವುದು ಕ್ಯಾಪ್ಟನ್‌ಗಳಿಗೆ, ಅದರಲ್ಲೂ ಕಲಿಸಬಲ್ಲ ಕ್ಯಾಪ್ಟನ್‌ಗಳಿಗೆ. 206 ಗಂಟೆಯ ಹುಡುಗಿಯನ್ನು ಕಂಪನಿ ತೆಗೆದುಕೊಂಡಿತು ಎನ್ನಿ. ಸಿಮ್ಯುಲೇಟರ್ ಮುಗಿದ ಮೇಲೂ ಅವಳು ತಿಂಗಳುಗಟ್ಟಲೆ ಪ್ರಯಾಣಿಕರಿರುವ ವಿಮಾನದಲ್ಲಿ ತರಬೇತುದಾರ ಕ್ಯಾಪ್ಟನ್‌ನ ಪಕ್ಕದಲ್ಲೇ ಹಾರಬೇಕು. ಆ ಕ್ಯಾಪ್ಟನ್ ಸಾಕು ಎಂದು ಬರೆದುಕೊಟ್ಟ ಮೇಲೆಯೇ ಬೇರೆಯವರ ಜೊತೆಗೆ. ಅಂಥ ಕ್ಯಾಪ್ಟನ್‌ಗಳು ಎಷ್ಟು ಮಂದಿಯಿದ್ದಾರೋ ಅಷ್ಟೇ ಹೊಸಬರು ಒಳಗೆ ಬರಲು ಸಾಧ್ಯ. ಅಡಿಕೆ ಸಸಿ ಎಷ್ಟೇ ಸಿಗಲಿ, ನೆರಳಿಗೆ ಬಾಳೆ ಇಲ್ಲದ ಕಡೆ ನಡುವುದಿಲ್ಲವಲ್ಲ, ಹಾಗೆ. ಕಂಪನಿಗಳು ಮೊದಲೇ ಆರಿಸಿ ತರಬೇತಿ ಕೊಡಿಸುವ ಕೆಡೆಟ್ ಯೋಜನೆಯ ಮಕ್ಕಳಿಗೂ ಈ ಸ್ಥಾನಗಳಲ್ಲಿ ಪಾಲು ಹೋಗುತ್ತದೆ.

2025ರ ಡಿಸೆಂಬರ್ ಮೊದಲ ವಾರ ಈ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ದೇಶವೇ ನೋಡಿತು. ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತ್ತು, ರಾತ್ರಿ ಪಾಳಿಯ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸಲಾಗಿತ್ತು. ಇಂಡಿಗೊ ಅದಕ್ಕೆ ಬೇಕಾದಷ್ಟು ಸಿದ್ಧತೆ ಮಾಡಿಕೊಂಡಿರಲಿಲ್ಲ. ಸಾವಿರಾರು ಹಾರಾಟಗಳು ರದ್ದಾದವು, ಜನ ನಿಲ್ದಾಣಗಳಲ್ಲಿ ಮಲಗಿದರು. ಪೈಲಟ್‌ಗಳು ಸಾಕಷ್ಟು ನಿದ್ದೆ ಮಾಡಬೇಕೆಂದರೆ ಹೆಚ್ಚು ಪೈಲಟ್‌ಗಳು ಬೇಕು. ಈ ನಿಯಮ ಉಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ನಿಮ್ಮ ಮಗಳ ಸರದಿಗೂ ಅದರಿಂದ ಒಳ್ಳೆಯದೇ ಆಗುತ್ತದೆ.

ನೆಂಟರು ಹೇಳಿದ 1500 ಗಂಟೆಯ ಮಾತು ಅಮೆರಿಕಕ್ಕೆ ನಿಜ. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಪ್ರಯಾಣಿಕ ವಿಮಾನವೊಂದು ಬಿದ್ದು 50 ಜನ ಸತ್ತ ಮೇಲೆ, ಅಲ್ಲಿ ಸಹ ಪೈಲಟ್‌ಗೂ 1500 ಗಂಟೆ ಬೇಕೆಂಬ ನಿಯಮ ಬಂತು. ಆದ್ದರಿಂದ ಅಲ್ಲಿಯ ಹುಡುಗರು ವರ್ಷಗಟ್ಟಲೆ ಸಣ್ಣ ವಿಮಾನಗಳಲ್ಲಿ ಪಾಠ ಹೇಳಿ ಗಂಟೆ ಕೂಡಿಸುತ್ತಾರೆ. ನಮ್ಮಲ್ಲಿ 1500 ಬೇಕಾಗುವುದು ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸಿಗೆ. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದದ್ದು 200, ಅದು ಅವಳ ಬಳಿ ಇದೆ. ಇನ್ನೂರು ಗಂಟೆಯವಳನ್ನು ನೂರೆಂಬತ್ತು ಪ್ರಯಾಣಿಕರ ಮುಂದೆ ಕೂರಿಸುವ ಜವಾಬ್ದಾರಿಯಿಂದಲೇ ಇಲ್ಲಿಯ ಕಂಪನಿಗಳು ಆಯ್ಕೆಯಲ್ಲಿ ಅಷ್ಟು ಜಾಲಾಡುತ್ತವೆ.

ಹೆಣ್ಣುಮಗಳೆಂಬ ಚಿಂತೆ ಬಿಡಿ. ಭಾರತದ ಪೈಲಟ್‌ಗಳಲ್ಲಿ ಸುಮಾರು ಶೇಕಡ 15 ಮಹಿಳೆಯರು, ಜಗತ್ತಿನ ಸರಾಸರಿ ಶೇಕಡ 5ರ ಆಸುಪಾಸು. 2021ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನಿಂದ ಹಾರಿ ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾ ವಿಮಾನದ ಕಾಕ್‌ಪಿಟ್ಟಿನಲ್ಲಿ ಇದ್ದವರೆಲ್ಲ ಹೆಂಗಸರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್.

ಪತ್ರದಲ್ಲಿ ಇನ್ನೊಂದು ಮಾತಿತ್ತು, ಜಾಗದ ಅಭಾವದಿಂದ ಮೇಲೆ ಹಾಕಿಲ್ಲ. ಮಗಳಿಗೆ ದೊಡ್ಡ ಜೆಟ್ ವಿಮಾನವೇ ಬೇಕು, 'ರೆಕ್ಕೆಯಲ್ಲಿ ಫ್ಯಾನು ತಿರುಗುವ' ಎಟಿಆರ್ ಬೇಡ ಎನ್ನುತ್ತಾಳೆ ಎಂದಿದ್ದೀರಿ. ಅವಳಿಗೆ ಹೇಳಿ: 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ನಿಮ್ಮ ಶಿವಮೊಗ್ಗದ ಸೋಗಾನೆಯ ನಿಲ್ದಾಣಕ್ಕೆ ಬಂದಿಳಿದ ಮೊದಲ ಪ್ರಯಾಣಿಕ ವಿಮಾನ ಎಟಿಆರ್. ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಿಸಿದ್ದೂ ಎಟಿಆರ್. ಆ ವಿಮಾನಗಳ ದಾರಿ ಚಿಕ್ಕದು, ಆದ್ದರಿಂದ ದಿನಕ್ಕೆ ಹಲವು ಬಾರಿ ಏರಿ ಇಳಿಯುತ್ತವೆ. ಜೆಟ್ಟುಗಳು ಮೋಡದ ಮೇಲೆ ಹೋದರೆ ಇವು ಬಹುಪಾಲು ಮೋಡದ ನಡುವೆಯೇ ಹೋಗುತ್ತವೆ. ಆಷಾಢದಲ್ಲಿ ಘಟ್ಟದ ಅಂಚಿನ ಊರುಗಳಿಗೆ ವಿಮಾನ ಇಳಿಸಲು ಕಲಿತವಳಿಗೆ ಮುಂದೆ ಯಾವ ಜೆಟ್ಟೂ ಭಯ ಹುಟ್ಟಿಸದು. ಮೊದಲ ಕೆಲಸಕ್ಕೆ ಎಟಿಆರ್ ಕರೆ ಬಂದರೆ ಎರಡನೆಯ ಯೋಚನೆ ಬೇಡ.

ಇನ್ನು ಗುಂಪು ಚರ್ಚೆಯಲ್ಲಿ ಅವಳು ಬಾಯಿ ತೆರೆಯಲಿಲ್ಲ ಎಂದ ಸಂಗತಿ. ನೀವು ಅದನ್ನು ಹೇಳಿ ಮುಂದೆ ಹೋಗಿದ್ದೀರಿ. ನನ್ನ ಮಟ್ಟಿಗೆ ಇಡೀ ಪತ್ರದ ತಿರುಳು ಅದೇ. ಇಲ್ಲಿಂದ ಮುಂದಿನದನ್ನು ದಯವಿಟ್ಟು ಮಗಳಿಗೇ ಓದಲು ಕೊಡಿ.

ತಂಗೀ, 2010ರ ಮೇ 22ರ ಬೆಳಗ್ಗೆ ನೀನು ಚಿಕ್ಕ ಹುಡುಗಿ. ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ನೆತ್ತಿಯ ರನ್‌ವೇಯಲ್ಲಿ ನಿಲ್ಲದೆ ಕಣಿವೆಗೆ ಬಿತ್ತು. 158 ಜನ ಸತ್ತರು, ಎಂಟು ಮಂದಿ ಉಳಿದರು. ಆ ಮನೆಗಳ ದುಃಖ ಕರಾವಳಿಯಲ್ಲಿ ಇನ್ನೂ ಆರಿಲ್ಲ. ತನಿಖಾ ವರದಿಯನ್ನು ನೀನು ಓದಿರಬಹುದು. ಓದಿಲ್ಲವಾದರೆ ಸಂದರ್ಶನಕ್ಕೆ ಹೋಗುವ ಮೊದಲು ಓದು. ಕ್ಯಾಪ್ಟನ್ ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಿದವರು. ದಾರಿಯುದ್ದಕ್ಕೂ ಬಹಳ ಹೊತ್ತು ನಿದ್ದೆಯಲ್ಲಿದ್ದರು. ಇಳಿಯುವ ಹೊತ್ತಿಗೆ ವಿಮಾನ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ 'ಗೋ ಅರೌಂಡ್' ಎಂದರು: ಇಳಿಸಬೇಡಿ, ಮೇಲೇರಿಸಿ, ಇನ್ನೊಂದು ಸುತ್ತು ಬರೋಣ. ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಹಿಂದೆ ಬಿದ್ದ ಮೇಲೆ ಗಾಲಿ ನೆಲ ಮುಟ್ಟಿತು.

ಸಹ ಪೈಲಟ್ ಕೂರುವ ಆ ಬಲಗಡೆಯ ಕುರ್ಚಿಗೇ ಈಗ ನೀನು ಅರ್ಜಿ ಹಾಕುತ್ತಿರುವುದು. ಫ್ಲೈಯಿಂಗ್ ಶಾಲೆಯಲ್ಲಿ ನೀನು ಕಲಿತದ್ದು ಒಬ್ಬಳೇ ಹಾರುವುದನ್ನು. 200ರಲ್ಲಿ 100 ಗಂಟೆ ನೀನೇ ಕಮಾಂಡರ್ ಆಗಿರಬೇಕೆಂಬುದು ನಿಯಮ. ಕಂಪನಿಗೆ ಬೇಕಾದದ್ದು ಇನ್ನೊಬ್ಬರ ಪಕ್ಕದಲ್ಲಿ ಕುಳಿತು ಹಾರಬಲ್ಲವಳು. ನಿಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವಾಗ ಮೇಲೆ ಒಬ್ಬ ಇರುತ್ತಾನೆ, ಕೆಳಗೆ ಹಗ್ಗ ಹಿಡಿಯುವವನು ಒಬ್ಬ. ಊರವರು ಹೊಗಳುವುದು ಮರದಿಂದ ಮರಕ್ಕೆ ಜಿಗಿಯುವ ಮೇಲಿನವನನ್ನು. ಆದರೆ ಪಕ್ಕದ ಮರದ ಬುಡ ಕೊಳೆತಿರುವುದು ಕೆಳಗಿನವನ ಕಣ್ಣಿಗೆ ಬೀಳುತ್ತದೆ. 'ಅಣ್ಣಾ, ಆ ಮರ ಬೇಡ' ಎಂದು ಅವನು ಕೂಗಲೇಬೇಕು. ಹಿರಿಯ, ನುರಿತವ, ಬೈದಾನು ಎಂದು ಬಾಯಿ ಮುಚ್ಚಿಕೊಂಡರೆ ಹಗ್ಗ ಹಿಡಿದು ಪ್ರಯೋಜನವಿಲ್ಲ. 'ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾರೆ ಎನ್ನಿಸಿದರೆ ಏನು ಮಾಡುತ್ತೀರಿ?' ಎಂಬ ಪ್ರಶ್ನೆ ಸಂದರ್ಶನಗಳಲ್ಲಿ ಹಲವು ವೇಷದಲ್ಲಿ ಬರುತ್ತದೆ. ಗುಂಪು ಚರ್ಚೆಯಲ್ಲಿ ಅವರು ಕಿವಿಗೊಟ್ಟು ಕೇಳುವುದೂ ಅದನ್ನೇ: ಎಂಟು ಜನ ಒಂದು ಕಡೆ ಎಳೆಯುತ್ತಿರುವಾಗ, ಸರಿಯಾದ ಒಂದು ಮಾತನ್ನು ಇವಳು ಸಮಾಧಾನದಿಂದ ನಡುವೆ ಇಡುತ್ತಾಳೆಯೇ? ಬೇರೆಯವರು ಸರಿಯಾದದ್ದನ್ನು ಹೇಳಿದಾಗ ಒಪ್ಪಿಕೊಳ್ಳುತ್ತಾಳೆಯೇ?

ಇಂಗ್ಲಿಷ್ ಅಡ್ಡ ಬಂತು ಎನ್ನುತ್ತೀಯ. ನಾನೂ ಕನ್ನಡ ಶಾಲೆಯಲ್ಲೇ ಓದಿದವನು, ಆ ಹಿಂಜರಿಕೆ ನನಗೆ ಗೊತ್ತು. ಆದರೆ ಅಂತರರಾಷ್ಟ್ರೀಯ ನಿಯಮ ಕೇಳುವುದು ಆರು ಮೆಟ್ಟಿಲುಗಳ ಮಾಪನದಲ್ಲಿ ನಾಲ್ಕನೆಯದನ್ನು. ಅದನ್ನು ದಾಟಿಯೇ ನಿನಗೆ ಲೈಸೆನ್ಸ್ ಬಂದಿದೆ. ವಿಮಾನದಲ್ಲಿ ಬೇಕಾದದ್ದು ಅಲಂಕಾರದ ಇಂಗ್ಲಿಷ್ ಅಲ್ಲ, ಸರಿಯಾದ ಪದವನ್ನು ಸರಿಯಾದ ಹೊತ್ತಿಗೆ ಆಡುವ ಧೈರ್ಯ. 1990ರ ಜನವರಿಯಲ್ಲಿ ಕೊಲಂಬಿಯಾದ ಏವಿಯಾಂಕಾ ವಿಮಾನ ನ್ಯೂಯಾರ್ಕಿನಲ್ಲಿ ಇಳಿಯಲು ಕಾಯುತ್ತ ಸುತ್ತಿ ಸುತ್ತಿ ಇಂಧನ ಮುಗಿದು ಬಿತ್ತು, 73 ಜನ ಸತ್ತರು. ಸಹ ಪೈಲಟ್ ರೇಡಿಯೊದಲ್ಲಿ ಇಂಧನ ಕಡಿಮೆಯಾಗುತ್ತಿದೆ ಎಂದು ಹೇಳಿದ್ದರು. 'ಎಮರ್ಜೆನ್ಸಿ' ಎಂಬ ಒಂದು ಪದವನ್ನು ಆಡಲಿಲ್ಲ, ಆದ್ದರಿಂದ ಕೆಳಗಿದ್ದವರು ದಾರಿ ಬಿಡಿಸಲಿಲ್ಲ. ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯನ್ನು ದಿನವೂ ಜೋರಾಗಿ ಓದು, ಆಮೇಲೆ ಪತ್ರಿಕೆ ಮುಚ್ಚಿ ಅದನ್ನೇ ಐದು ವಾಕ್ಯಗಳಲ್ಲಿ ಅಮ್ಮನ ಮುಂದೆ ಹೇಳು. ಜೊತೆಯಲ್ಲಿ ಕಲಿತ ಗೆಳತಿಯರೊಂದಿಗೆ ವಾರಕ್ಕೆರಡು ಸಲ ಫೋನಿನಲ್ಲಿ ಹವಾಮಾನಶಾಸ್ತ್ರದ ಒಂದು ವಿಷಯವನ್ನು ವಿವರಿಸಿಕೊಳ್ಳಿ. ಚಳಿಗಾಲದಲ್ಲಿ ದೆಹಲಿಗೆ ಮಂಜು ಏಕೆ ಕವಿಯುತ್ತದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವಳಿಗೆ ಇಂಗ್ಲಿಷಿನಲ್ಲಿ ಹೇಳಲು ತಿಂಗಳು ಸಾಕು. ವಿಷಯವೇ ಗೊತ್ತಿಲ್ಲದವರಿಗೆ ಯಾವ ಭಾಷೆಯೂ ನೆರವಾಗದು.

ಲಾಗ್‌ಬುಕ್ಕನ್ನು ಮುಂದಿಟ್ಟುಕೊಂಡು ಕುಳಿತು ಪ್ರತಿ ಪುಟವನ್ನೂ ನೆನಪಿಸಿಕೋ. ಮೊದಲ ಒಂಟಿ ಹಾರಾಟ, 300 ನಾಟಿಕಲ್ ಮೈಲಿಯ ದೂರದ ಹಾರಾಟ, ರಾತ್ರಿಯ ಇಳಿತಗಳು, ಎಲ್ಲಿ ಹೆದರಿದೆ, ಎಲ್ಲಿ ತಪ್ಪು ಮಾಡಿ ತಿದ್ದಿಕೊಂಡೆ. ಸಂದರ್ಶನದಲ್ಲಿ ಕೇಳುವವರು ಹಳೆಯ ಕ್ಯಾಪ್ಟನ್‌ಗಳು. ಆಕಾಶದಲ್ಲಿ ಹಾರಿದ ಗಂಟೆ ಯಾವುದು, ಪೆನ್ನಿನಲ್ಲಿ ಹಾರಿದ ಗಂಟೆ ಯಾವುದು ಎಂದು ಅವರಿಗೆ ಎರಡೇ ಪ್ರಶ್ನೆಯಲ್ಲಿ ತಿಳಿಯುತ್ತದೆ. ಲೈಸೆನ್ಸ್ ಪರೀಕ್ಷೆಯ ನ್ಯಾವಿಗೇಷನ್ ಪತ್ರಿಕೆಯನ್ನು ಮೂರನೆಯ ಸಲಕ್ಕೆ ಪಾಸು ಮಾಡಿದ್ದರೆ ಹಾಗೆಂದೇ ಹೇಳು. ಶೇಕಡ 70 ಅಂಕ ಬೇಕಾದ ಪರೀಕ್ಷೆಯಲ್ಲಿ ಬಿದ್ದೆದ್ದವರು ಆ ಮೇಜಿನ ಆಚೆ ಬದಿಯಲ್ಲೂ ಇದ್ದಾರೆ.

ಮನೆಯಲ್ಲಿ ಕಾಯುತ್ತ ಕೂರಬೇಡ. ನನ್ನ ಅಕ್ಕನ ಮಗ ಹೀಗೆಯೇ ಮೂರು ವರ್ಷ ಕಾದವನು. ಮೊದಲ ವರ್ಷ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತ. ಅರ್ಜಿಗೆ ಉತ್ತರವಿಲ್ಲ, ಯಾರು ಹೆಸರು ಕರೆದು ಮಾತನಾಡಿಸಿದರೂ ಸಿಟ್ಟು. ಎರಡನೆಯ ವರ್ಷ ಒಂದು ಫ್ಲೈಯಿಂಗ್ ಶಾಲೆಯಲ್ಲಿ ತರಗತಿಯ ಪಾಠ ಹೇಳುವ ಕೆಲಸಕ್ಕೆ ಸೇರಿದ. ಆಮೇಲೆ ಸಹಾಯಕ ಬೋಧಕನ ಅರ್ಹತೆ ಪಡೆದು ಹುಡುಗರ ಪಕ್ಕದಲ್ಲಿ ಕುಳಿತು ಹಾರಿಸತೊಡಗಿದ. ಸಂಬಳ ಅಲ್ಪ, ಬಿಸಿಲು ಬಹಳ. ಕೊನೆಗೆ ಎಟಿಆರ್ ಕಂಪನಿಯೊಂದು ಅವನನ್ನು ಕರೆದಾಗ ಸಂದರ್ಶನದ ಅರ್ಧ ಗಂಟೆ ಅವನಿಗೆ ಪಾಠ ಹೇಳಿದ ಅನುಭವವನ್ನೇ ಕೇಳಿದರು. ವಿದ್ಯಾರ್ಥಿ ತಪ್ಪು ಮಾಡುವಾಗ ಯಾವ ಕ್ಷಣದವರೆಗೆ ಸುಮ್ಮನಿದ್ದಿರಿ, ಯಾವ ಕ್ಷಣದಲ್ಲಿ ಕೈ ಹಾಕಿದಿರಿ ಎಂದು. ಬೆಂಗಳೂರಿನ ಜಕ್ಕೂರು ಇದೆ, ಬೆಳಗಾವಿ, ಕಲಬುರಗಿಗಳಲ್ಲೂ ತರಬೇತಿ ನಡೆಯುತ್ತದೆ. ಬೋಧಕರು ಬೇಕೇ ಎಂದು ಖುದ್ದಾಗಿ ಹೋಗಿ ಕೇಳು. ಸಿಮ್ಯುಲೇಟರ್ ಕೇಂದ್ರ, ವಿಮಾನ ನಿಲ್ದಾಣದ ಕಾರ್ಯಾಚರಣೆ ವಿಭಾಗ, ಹಾರಾಟದ ಯೋಜನೆ ಮಾಡುವ ಕಚೇರಿ, ಎಲ್ಲಿ ಸಿಕ್ಕಿದರೂ ಸೇರು.

ಮತ್ತೆ ನಿಮಗೆ, ಮಾನ್ಯರೇ. ಕೈಯಲ್ಲಿರುವ ಹಣದಲ್ಲಿ ಮೊದಲು ಮಾಡಿಸಬೇಕಾದದ್ದು ಎರಡು. ಅವಳ ಒಂದನೆಯ ದರ್ಜೆಯ ವೈದ್ಯಕೀಯ ಪ್ರಮಾಣಪತ್ರಕ್ಕೆ ಹನ್ನೆರಡು ತಿಂಗಳ ಆಯುಷ್ಯ, ಉಪಕರಣಗಳನ್ನು ನೋಡಿ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗಿಗೂ ಅಷ್ಟೇ. ಲೈಸೆನ್ಸ್ ಬಂದೇ ಹದಿನಾಲ್ಕು ತಿಂಗಳಾಯಿತು ಎಂದಿದ್ದೀರಿ. ಎರಡೂ ನವೀಕರಣವಾಗಿವೆಯೇ ಎಂದು ಇಂದೇ ಕೇಳಿ. ಲೈಸೆನ್ಸಿಗೆ ಈಗ ಹತ್ತು ವರ್ಷದ ಅವಧಿ ಇದೆ ಎಂದು ಸಮಾಧಾನ ಪಟ್ಟುಕೊಂಡು ಹಲವು ಮಕ್ಕಳು ಈ ಎರಡನ್ನು ಮರೆಯುತ್ತಾರೆ. ಕಂಪನಿಯ ಅರ್ಜಿ ಬಂದ ದಿನ ಎರಡೂ ಚಾಲ್ತಿಯಲ್ಲಿ ಇಲ್ಲದಿದ್ದರೆ ಆ ಸರದಿಯೂ ತಪ್ಪುತ್ತದೆ. ಇದಕ್ಕೆ ತಗಲುವುದು ನಿಮ್ಮ ಮಧ್ಯವರ್ತಿ ಕೇಳಿದ್ದರಲ್ಲಿ ಒಂದು ಸಣ್ಣ ಪಾಲು. ಮುಂದೆ ಕೆಲಸ ಸಿಕ್ಕಿ, ಕಂಪನಿ ಇಷ್ಟು ವರ್ಷ ಬಿಟ್ಟುಹೋಗುವಂತಿಲ್ಲ ಎಂದು ಬಾಂಡ್ ಬರೆಸಿಕೊಳ್ಳಲು ಬಂದರೆ, ಸಹಿ ಮಾಡುವ ಮೊದಲು ವಕೀಲರಿಗೆ ತೋರಿಸಿ.

ಆ ಮಧ್ಯವರ್ತಿಗೆ ಐವತ್ತು ಸಾವಿರ ಮುಂಗಡ ಕೊಟ್ಟಿರುವುದಾಗಿ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ರಸೀದಿ ಇದ್ದರೆ ಜೋಪಾನವಾಗಿಡಿ. ಹಣ ಮರಳಿಸಿ ಎಂದು ಫೋನಿನಲ್ಲಿ ಹೇಳದೆ ಕಾಗದದಲ್ಲಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಅದರ ಪ್ರತಿಯೊಂದನ್ನು ನಮಗೂ ಕಳುಹಿಸಿ.

– ಸಂಪಾದಕ